ತ್ಯಾಗವೂ ತ್ಯಾಜ್ಯವೂ

'ತ್ಯಾಗ', 'ತ್ಯಾಜ್ಯ' ಎಂಬ ಎರಡು ಪದಗಳಿಗೂ ಧಾತು ಒಂದೇ. ಆದರೆ ತ್ಯಾಗವು ಬಿಡುವವನ ಮೋಹವನ್ನು ಕಳೆದು ಪಡೆಯುವವನಿಗೆ ನೆರವಾಗುತ್ತದೆ. ತ್ಯಾಜ್ಯವು ಒಬ್ಬನ ಭಾರವನ್ನು ಲೋಕದ ಮೇಲೆ ಹೊರಿಸುತ್ತದೆ. ಕಚೇರಿಯ ಮೇಜು-ಕುರ್ಚಿಗಳನ್ನು ಹಳೆಯವಾದವೆಂದು ಹೊರಹಾಕುವಾಗ ನಾವು ಮಾಡುವುದು ಇವೆರಡರಲ್ಲಿ ಯಾವುದು?

2013ರ ಕಂಪನಿ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿ ಸಾಮಾನ್ಯ ಪೀಠೋಪಕರಣಗಳ ಉಪಯುಕ್ತ ಆಯುಷ್ಯವನ್ನು 10 ವರ್ಷಗಳೆಂದು ಗಣಿಸಲಾಗಿದೆ. ಇದು ಸವಕಳಿಯ ಲೆಕ್ಕಕ್ಕಾಗಿ ಮಾಡಿದ ಗಣನೆಯೇ ಹೊರತು ವಸ್ತುವಿನ ಮರಣಶಾಸನವಲ್ಲ. ಖಾತೆಪುಸ್ತಕದಲ್ಲಿ ಬೆಲೆ ಕರಗಿದ ಮಾತ್ರಕ್ಕೆ ಸಾಗುವಾನಿ ಮೇಜಿನ ಕಾಲು ಮುರಿಯುವುದಿಲ್ಲ.

ವಸ್ತುವಿನ ನಿಜವಾದ ಆಯುಷ್ಯವು ಬಹುಮಟ್ಟಿಗೆ ಅದರ ಜೋಡಣೆಯಲ್ಲಿಯೇ ನಿರ್ಧಾರವಾಗುತ್ತದೆ. 1859ರಲ್ಲಿ ಮೈಕೇಲ್ ಥೋನೆಟ್ ಎಂಬವರು ರೂಪಿಸಿದ, ವಿಯೆನ್ನಾದ ಕಾಫಿಗೃಹಗಳಲ್ಲಿ ಹೆಸರಾದ 14ನೆಯ ಸಂಖ್ಯೆಯ ಕುರ್ಚಿಯನ್ನು ನೋಡಬಹುದು. ಆವಿಯಲ್ಲಿ ಬಾಗಿಸಿದ ಮರದ 6 ಭಾಗಗಳು, 10 ತಿರುಪುಗಳು, 2 ನಟ್ಟುಗಳು. ಇಷ್ಟೇ ಅದರ ರಚನೆ. ಬಿಚ್ಚಿದ 36 ಕುರ್ಚಿಗಳು ಒಂದು ಘನಮೀಟರಿನ ಪೆಟ್ಟಿಗೆಯಲ್ಲಿ ಅಡಗುತ್ತಿದ್ದವು. ಬೆತ್ತದ ಆಸನ ಹರಿದರೆ ಮತ್ತೆ ಹೆಣೆಯಬಹುದು. ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಿಸಬಹುದು.

ಇಂದಿನ ಅನೇಕ ಕಚೇರಿ ಮೇಜುಗಳ ಸ್ಥಿತಿ ಬೇರೆ. ಮರದ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು ನೀರು ತಗುಲಿದರೆ ಉಬ್ಬುತ್ತದೆ. ಒಮ್ಮೆ ಬಿಚ್ಚಿದ ತಿರುಪು ಅದೇ ರಂಧ್ರದಲ್ಲಿ ಮೊದಲಿನಂತೆ ಬಿಗಿಯುವುದಿಲ್ಲ. ಆದ್ದರಿಂದ ಅದನ್ನು ದಾನ ಮಾಡಬೇಕೆಂದರೂ ಪಡೆಯುವವನಿಗೆ ಅದು ದಾನವಾಗಿ ಉಳಿಯುವುದಿಲ್ಲ.

ವಸ್ತು ಬಹುಕಾಲ ಬಾಳಲಿ ಎಂಬ ಬಯಕೆಯೂ ಪರಿಗ್ರಹವೇ ಅಲ್ಲವೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. 'ಇದು ನನ್ನಲ್ಲಿಯೇ ಇರಲಿ' ಎಂಬುದು ಪರಿಗ್ರಹ; 'ನಾನು ಬಿಟ್ಟ ಮೇಲೆಯೂ ಇದು ಉಪಯೋಗಕ್ಕೆ ಬರಲಿ' ಎಂಬುದು ವಿವೇಕ. ಪದೇ ಪದೇ ಕೊಂಡು ಪದೇ ಪದೇ ಎಸೆಯುವವನ ಕೋಣೆ ಖಾಲಿಯಾಗಿ ಕಂಡರೂ ಅವನ ಸಲುವಾಗಿ ಉರುಳಿದ ಮರಗಳ ಲೆಕ್ಕ ಬೆಳೆಯುತ್ತಲೇ ಇರುತ್ತದೆ.

ಟ್ರಸ್ಟಿನ ಹಣವು ದಾನಿಗಳ ಹಣ. ಆದುದರಿಂದ ಅತಿ ಕಡಿಮೆ ಬೆಲೆಯದನ್ನೇ ಕೊಳ್ಳಬೇಕೆಂಬ ವಾದವೂ ಉಂಟು. ವ್ಯಾಪಾರಿಯಾದವನು ಬೆಲೆಯನ್ನು ಬಳಕೆಯ ವರ್ಷಗಳಿಂದ ಭಾಗಿಸಿ ನೋಡುತ್ತಾನೆ. ಹತ್ತು ಸಾವಿರದ ಮೇಜು ಐದು ವರ್ಷ ಬಾಳಿದರೆ ವರ್ಷಕ್ಕೆ ಎರಡು ಸಾವಿರ. ಇಪ್ಪತ್ತೈದು ಸಾವಿರದ್ದು ಇಪ್ಪತ್ತೈದು ವರ್ಷ ಬಾಳಿದರೆ ವರ್ಷಕ್ಕೆ ಒಂದೇ ಸಾವಿರ. ಆದಕಾರಣ ಕೊಳ್ಳುವ ಮುನ್ನ ಮೂರು ಮಾತು ಕೇಳಬೇಕು: ಇದನ್ನು ಬಿಚ್ಚಿ ಮತ್ತೆ ಜೋಡಿಸಬಹುದೇ? ಬಿಡಿಭಾಗಗಳು ದೊರೆಯುವುವೇ? ನಮ್ಮೂರಿನ ಬಡಗಿ ಇದನ್ನು ದುರಸ್ತಿ ಮಾಡಬಲ್ಲನೇ?

ಕೊಡುವ ದಿನದ ಔದಾರ್ಯವು ಕೊಳ್ಳುವ ದಿನದ ಎಚ್ಚರವನ್ನು ಅವಲಂಬಿಸಿದೆ. ಆ ದಿನ ಎಚ್ಚರ ತಪ್ಪಿದವರಿಗೆ ಮುಂದೆ ಉಳಿಯುವುದು ತ್ಯಾಜ್ಯವೊಂದೇ.