ಮಕ್ಕಳ ಕೈಗೆ ಎಟುಕುವುದು, ಎಟುಕದುದು

ನಮ್ಮ ಮನೆಗಳಲ್ಲಿ ದಿನನಿತ್ಯವೂ ಕೇಳಿಬರುವ ಎರಡು ಮಾತುಗಳುಂಟು. ಮಗನು ಲೆಕ್ಕದಲ್ಲಿ ಹಿಂದುಳಿದರೆ, ‘ಅವನ ಹಣೆಯಲ್ಲಿ ವಿದ್ಯೆ ಬರೆದಿಲ್ಲ’ ಎನ್ನುವೆವು. ಅಜ್ಜನು ಹಾಸಿಗೆ ಹಿಡಿದರೆ, ‘ನಿನ್ನ ಹಟದಿಂದಲೇ ಅವರಿಗೆ ಹೀಗಾಯಿತು’ ಎಂದು ಅದೇ ಮಗನನ್ನು ಗದರಿಸುವೆವು. ವಿಚಾರಿಸಿ ನೋಡಿದರೆ ಎರಡೂ ತಲೆಕೆಳಗಾದ ಮಾತುಗಳೇ. ಅವನ ಕೈಯಲ್ಲಿದ್ದುದನ್ನು ವಿಧಿಗೆ ಒಪ್ಪಿಸಿದೆವು. ಕೈಮೀರಿದುದನ್ನು ಅವನ ತಲೆಯ ಮೇಲೆ ಹೊರಿಸಿದೆವು.

ಎರಡನೆಯದು ಹೆಚ್ಚು ಕ್ರೂರವಾದುದು. ಐದಾರು ವರ್ಷದ ಮಗುವು ತನ್ನ ಮನಸ್ಸಿನ ಎಣಿಕೆಯೇ ಹೊರಗಿನ ಸಂಗತಿಗೆ ಕಾರಣವೆಂದು ಸಹಜವಾಗಿ ನಂಬಬಲ್ಲುದು. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞರಾದ ಪಿಯಾಜೆಯವರು 1920ರ ದಶಕದಲ್ಲಿಯೇ ಮಕ್ಕಳನ್ನು ಪ್ರಶ್ನಿಸಿ ಇದನ್ನು ಬರೆದಿಟ್ಟಿದ್ದಾರೆ. ತಾಯಿಯ ಮೇಲೆ ಮುನಿದು ಮಲಗಿದ ರಾತ್ರಿಯೇ ತಾಯಿಗೆ ಜ್ವರ ಬಂದರೆ, ಮಗುವು ಯಾರಿಗೂ ಹೇಳದೆ ತಾನೇ ಅಪರಾಧಿಯೆಂದುಕೊಳ್ಳಬಹುದು. ಹಿರಿಯರ ಗದರಿಕೆಯು ಆ ಭ್ರಮೆಗೆ ಸಾಕ್ಷಿ ನುಡಿದಂತಾಗುವುದು.

ಶಿವಯೋಗಿ ಸಿದ್ಧರಾಮರ ಚರಿತ್ರೆಯನ್ನು ಮಕ್ಕಳಿಗೆ ಹೇಳುವಾಗ ನಾವು ಪವಾಡಗಳನ್ನು ಹೇಳಿ ಮುಗಿಸುವೆವು. ಕೆರೆಯನ್ನು ಕುರಿತು ಹೇಳುವುದು ಕಡಿಮೆ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಅವರು ಜನರನ್ನು ಕೂಡಿಸಿಕೊಂಡು ಕೆರೆಯನ್ನು ಕಟ್ಟಿಸಿದರು. ಮಳೆಯನ್ನು ನೆಚ್ಚಿಕೊಂಡಿರಲಾಗದ ಸೀಮೆಯದು. ಗುದ್ದಲಿಯಿಂದ ಮೋಡವನ್ನು ಕರೆಯಲಾಗದು. ಬಂದ ನೀರು ಹರಿದುಹೋಗದಂತೆ ಏರಿಯನ್ನು ಹಾಕಬಹುದು. ಬಾಲಕನಿಗೆ ಇದು ಕೂಡಲೇ ತಿಳಿಯುವುದು. ಬೇಸಾಯಗಾರರ ಮನೆಯವನಾದರೆ ನಮಗಿಂತ ಚೆನ್ನಾಗಿ ತಿಳಿದೀತು.

ಆದರೆ ಎಲ್ಲೆಯು ಯಾವಾಗಲೂ ಇಷ್ಟು ಸ್ಪಷ್ಟವಾಗಿರದು. ಪರೀಕ್ಷೆಯನ್ನೇ ನೋಡಿರಿ. ಓದು ಮಗನದು, ಪ್ರಶ್ನೆಪತ್ರಿಕೆ ಪರರದು. ಅಂಕಗಳಲ್ಲಿ ಇಬ್ಬರ ಪಾಲೂ ಬೆರೆತಿರುವುದು. ತಂದೆಯಾದವನು ಮಗನೊಡನೆ ಕುಳಿತು, ಯಾವ ಪಾಠವನ್ನು ಓದಲಿಲ್ಲ, ಯಾವುದು ಓದಿದರೂ ತಿಳಿಯಲಿಲ್ಲ, ಯಾವ ದಿನ ಮೈಯಲ್ಲಿ ಸೌಖ್ಯವಿರಲಿಲ್ಲ ಎಂಬುದನ್ನು ಬಿಡಿಬಿಡಿಯಾಗಿ ಎಣಿಸಬೇಕು. ಇದಕ್ಕೆ ತಾಳ್ಮೆ ಬೇಕು; ಬೈಗುಳಕ್ಕೆ ಅದು ಬೇಡ. ಹಾಗೆ ಎಣಿಸದೆ ‘ಎಲ್ಲವೂ ಶಿವನಿಚ್ಛೆ’ ಎಂಬುದನ್ನಷ್ಟೇ ಕಲಿಸಿದರೆ, ಹುಡುಗನು ಆ ದೊಡ್ಡ ಮಾತನ್ನು ತನ್ನ ಸೋಮಾರಿತನಕ್ಕೆ ಹೊದಿಕೆ ಮಾಡಿಕೊಂಡಾನು.

ಪೂಜೆಯ ವೇಳೆಯಲ್ಲಿ ಮಗುವು ಇಷ್ಟಲಿಂಗದ ಮುಂದೆ ‘ನನಗೆ ತೊಂಬತ್ತು ಅಂಕ ಕೊಡು’ ಎಂದು ಬೇಡುವುದನ್ನು ಕೇಳಿ ತಾಯಂದಿರು ನಗುವುದುಂಟು. ಅಂಕ ಬಾರದ ದಿನ ಅದು ದೇವರೇ ತನ್ನ ಮೇಲೆ ಮುನಿದನೆಂದು ತಿಳಿದೀತು ಎಂಬುದು ಅವರಿಗೆ ಹೊಳೆಯದು. ಫಲವನ್ನು ಬಯಸಿ ಮಾಡುವ ಭಕ್ತಿಯನ್ನು ಶರಣರು ಒಪ್ಪಿದವರಲ್ಲ. ‘ಓದುವಾಗ ಮನಸ್ಸು ನಿಲ್ಲಲಿ’ ಎಂದು ಬೇಡುವುದನ್ನು ಕಲಿಸಿದರೆ, ಓದಲು ಕುಳಿತುಕೊಳ್ಳುವ ಹೊಣೆಯೂ ಆ ಬೇಡಿಕೆಯೊಳಗೆ ಸೇರಿಬರುವುದು.

ಮನೆಗೆ ರೋಗವಾಗಲಿ ಸಾಲವಾಗಲಿ ಬಂದಾಗ, ಮಗುವು ಕೇಳದಿದ್ದರೂ, ‘ಇದು ನಿನ್ನಿಂದ ಆದುದಲ್ಲ’ ಎಂದು ಬಾಯಿಬಿಟ್ಟು ಹೇಳತಕ್ಕದ್ದು. ಒಮ್ಮೆ ಹೇಳಿದರೆ ಸಾಲದು. ಬಳಿಕ ಅದಕ್ಕೂ ಒಂದು ಕಾಯಕವನ್ನು ಕೊಡಿರಿ: ರೋಗಿಯ ಬಳಿ ಕುಳಿತು ನಾಲ್ಕು ಮಾತಾಡುವುದು, ಔಷಧದ ಹೊತ್ತನ್ನು ನೆನಪಿಸುವುದು, ನೀರಿನ ತಂಬಿಗೆಯನ್ನು ತಂದಿಡುವುದು. ಐದು ವರ್ಷದ ಕೈಗೆ ತುಂಬಿದ ತಂಬಿಗೆಯು ಭಾರವಾದರೆ ಅರ್ಧ ತುಂಬಿ ಕೊಡಬಹುದು.