ಅರ್ಧ ಬೆಲೆಗೆ ಬಂದ ದೊಡ್ಡ ಟಿವಿ



ಯೌವನಸ್ಥರ ಕೂಟದಲ್ಲಿ ನಿಮ್ಮ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕ್ರಿ ಅಂದಿದ್ದೆ, ನೆನಪಿದೆಯಲ್ಲ. ಮದುವೆ, ನೌಕರಿ, ಅನ್ಯಭಾಷೆಯ ವರ, ಇಂಥವೇ ಬರ್ತವೆ ಅಂದುಕೊಂಡಿದ್ದೆ. ಬಂದವು ಕೂಡ. ನಡುವೆ ಒಂದು ಚೀಟಿ: "65 ಇಂಚಿನ 4ಕೆ ಟಿವಿ ಅರ್ಧಕ್ಕಿಂತ ಕಡಿಮಿ ರೇಟಿಗೆ ಬಂದದ. ತಗೋಬೇಕೋ ಬ್ಯಾಡೋ?" ಓದಿದಾಗ ಹಿಂದಿನ ಸಾಲಿನವರು ನಕ್ಕರು. ಇವತ್ತಿನ ಸಂದೇಶ ಆ ಚೀಟಿಯ ಮೇಲೆಯೇ. ನಮ್ಮಲ್ಲಿ ಬಹಳ ಮಂದಿಗೆ ಸಂಬಳ ಬಂದ ಮೇಲೆ ಮಾಡುವ ದೊಡ್ಡ ತೀರ್ಮಾನ ಅಂದ್ರೆ ಇಂಥದ್ದೇ. ಅದನ್ನು ಮಾಡುವಾಗ ದೇವರ ವಾಕ್ಯ ಮನೆಯಲ್ಲಿ ಬಿಟ್ಟು ಅಂಗಡಿಗೆ ಹೋಗ್ತೀವಿ.

ಹಳೆಯ ಉತ್ತರ ಒಂದಿದೆ. ಟಿವಿ ಇಟ್ಟ ಮನೆಗೆ ಪ್ರಾರ್ಥನೆಗೆ ಬರೋದಿಲ್ಲ ಅನ್ನುವ ಹಿರಿಯರು ನಮ್ಮ ಪೆಂತೆಕೊಸ್ತು ಸಭೆಗಳಲ್ಲಿ ಇದ್ದರು. ಅವರ ಭಯ ಸುಳ್ಳಾಗಿರಲಿಲ್ಲ. ಆದರೆ ಆ ನಿಯಮದಲ್ಲಿ ಒಂದು ಸುಖ ಇತ್ತು, ಯೋಚನೆ ಮಾಡುವ ಕೆಲಸವೇ ಇರಲಿಲ್ಲ. ಈಗ ಆ ಪೆಟ್ಟಿಗೆ ಎಲ್ಲರ ಕಿಸೆಯಲ್ಲಿದೆ, ಅದೇ ಹಿರಿಯರ ಪ್ರಸಂಗ ಯೂಟ್ಯೂಬಿನಲ್ಲಿ ಬರ್ತದೆ, ನಾನೂ ಕೇಳ್ತೀನಿ. ಟಿವಿ ಪಾಪವೋ ಅಲ್ಲವೋ ಅನ್ನೋದನ್ನು ಚೀಟಿ ಬರೆದವನು ಕೇಳಿಯೇ ಇಲ್ಲ. ಈ ಟಿವಿ, ಈ ರೇಟು, ಈಗ, ನನಗೆ: ಇಷ್ಟು ಅವನ ಪ್ರಶ್ನೆ.

ಅವನೇ ಆಮೇಲೆ ಬಂದು ನನ್ನ ಹತ್ತಿರ ಮಾತಾಡಿದ. ಹೆಸರು ಹೇಳೋದಿಲ್ಲ, ಉಳಿದದ್ದು ಹೇಳ್ರಿ ಅಂತ ಒಪ್ಪಿಗೆ ಕೊಟ್ಟಿದ್ದಾನೆ. ಊರು ಅಫಜಲಪುರ ತಾಲೂಕಿನ ಹವಳಗಾ, ನಮ್ಮ ಜಿಲ್ಲೆಯವರಿಗೆ ಸಕ್ಕರೆ ಕಾರ್ಖಾನೆಯಿಂದ ಗೊತ್ತಿರುವ ಊರು. ಅವನು ಇಲ್ಲಿ ಕಲಬುರಗಿಯಲ್ಲಿ ನೌಕರಿ ಮಾಡ್ತಾನೆ. ಅಪ್ಪ ಊರಲ್ಲಿ ಸ್ವಲ್ಪ ಕಬ್ಬು, ಸ್ವಲ್ಪ ತೊಗರಿ. ಟಿವಿ ಊರ ಮನೆಗೆ, ಅಪ್ಪ-ಅವ್ವನಿಗೆ. ಸೇಲ್ ಶುರುವಾದದ್ದು 2025ರ ಸೆಪ್ಟೆಂಬರ್ ಕೊನೆಯ ವಾರ. "ಪಾಸ್ಟರ್, ನಾ ಪ್ರಾರ್ಥನಾ ಮಾಡಿದ ಮರುದಿನನೇ ರೇಟ್ ಇಳೀತು. ದೇವ್ರು ಬಾಗಿಲಾ ತೆರದಾನ ಅನಸ್ತದ" ಅಂದ.

ಪ್ರಕಟಣೆ ಪುಸ್ತಕದಲ್ಲಿ ಫಿಲದೆಲ್ಫಿಯ ಸಭೆಗೆ ತೆರೆದ ಬಾಗಿಲಿನ ಮಾತು ಬರ್ತದೆ, ನಿಜ. ಆದರೆ ಸೇಲ್‌ನ ಬಾಗಿಲು ಅವತ್ತು ಇಡೀ ದೇಶಕ್ಕೆ ತೆರೆದಿತ್ತು, ಕಾರ್ಡ್ ಇದ್ದವರಿಗೆಲ್ಲ. ಪ್ರಾರ್ಥನೆ ಮಾಡದವನಿಗೂ ಅದೇ ರೇಟು. ನಮಗೆ ಬೇಕಾದದ್ದು ಸುಲಭವಾಗಿ ಸಿಕ್ಕಾಗ ಅದಕ್ಕೆ ದೇವರ ಸಹಿ ಹಾಕಿಬಿಡೋದು ನಮ್ಮ ಸಭೆಗಳಲ್ಲಿ ಒಂದು ರೋಗದಂತೆ ಹಬ್ಬಿದೆ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳ್ತೀನಿ, ಬೇಜಾರು ಮಾಡಬ್ಯಾಡ್ರಿ.

ಈಗ ರೇಟು ನೋಡೋಣ. ಅಡ್ಡಗೆರೆ ಹೊಡೆದ ಬೆಲೆ 94,999. ಕೆಳಗೆ ದಪ್ಪ ಅಕ್ಷರದಲ್ಲಿ 45,999. ಪಕ್ಕದಲ್ಲಿ ಹಸಿರು ಬಣ್ಣದಲ್ಲಿ "ನಿಮ್ಮ ಉಳಿತಾಯ 49,000". ನಾನು ಕೇಳಿದೆ, "ತಮ್ಮಾ, ಆ 49,000 ಈಗ ಯಾವ ಅಕೌಂಟಿನಾಗ ಅದ?" ನಕ್ಕ. ಅಕೌಂಟಿನಿಂದ 45,999 ಹೋಗ್ತದೆ, ಅಷ್ಟೇ ಅಲ್ಲಿ ನಡೆಯೋದು. ಉಳಿತಾಯ ಅನ್ನೋದು ಅವನು ಯಾವತ್ತೂ ಕೊಡದೇ ಇದ್ದ, ಯಾರೂ ಅವನ ಹತ್ತಿರ ಕೇಳದೇ ಇದ್ದ ಹಣ.

ಎಂಆರ್‌ಪಿ ಅಂದ್ರೆ ಗರಿಷ್ಠ ಚಿಲ್ಲರೆ ಬೆಲೆ. ಅದಕ್ಕಿಂತ ಹೆಚ್ಚು ತಗೊಂಡರೆ ಕಾನೂನಿನ ಪ್ರಕಾರ ಅಪರಾಧ. ಆದರೆ ಟಿವಿಯಂಥ ವಸ್ತುವಿಗೆ ಆ ಗರಿಷ್ಠ ಎಷ್ಟಿರಬೇಕು ಅನ್ನೋದನ್ನು ಬರೆಯೋನು ತಯಾರಕನೇ. ಎತ್ತರಕ್ಕೆ ಬರೆದಷ್ಟೂ ಕೆಳಗೆ ಬಿದ್ದ ಹಾಗೆ ಕಾಣ್ತದೆ. ಜ್ಞಾನೋಕ್ತಿ 20:14ರಲ್ಲಿ ಕೊಳ್ಳುವವನ ಚಿತ್ರ ಇದೆ: ಅಂಗಡಿಯಲ್ಲಿ ಸರಕನ್ನು ಹೀಗಳೆಯುತ್ತಾನೆ, ಹೊರಗೆ ಬಂದ ಮೇಲೆ ಕೊಚ್ಚಿಕೊಳ್ಳುತ್ತಾನೆ. ಸೊಲೊಮೋನನ ಕಾಲದಲ್ಲಿ ಆ ಆಟ ಆಡುತ್ತಿದ್ದವನು ಗಿರಾಕಿ. ಈಗ ಚೌಕಾಸಿಯನ್ನೂ ಅಂಗಡಿಯವನೇ ನಮ್ಮ ಪರವಾಗಿ ಮಾಡಿ ಮುಗಿಸಿರುತ್ತಾನೆ, ನಮಗೆ ಉಳಿಯೋದು ಕೊಚ್ಚಿಕೊಳ್ಳೋದು ಮಾತ್ರ. ಅದನ್ನು ಸ್ಟೇಟಸ್‌ನಲ್ಲಿ ಮಾಡ್ತೀವಿ.

ನಿಜವಾದ ಇಳಿಕೆಯೂ ಒಂದಿತ್ತು, ಅದನ್ನು ಮುಚ್ಚಿಡಬಾರದು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿಯಿತು. ನಮ್ಮ ತಮ್ಮ ಅದೇ ಟಿವಿಯ ರೇಟನ್ನು ಆಗಸ್ಟ್‌ನಲ್ಲಿಯೂ ನೋಡಿ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದ: 49,999. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಆ ಬೆಲೆಯಿಂದ 28 ಶೇಕಡಾ ತೆರಿಗೆ ತೆಗೆದು 18 ಶೇಕಡಾ ಸೇರಿಸಿದರೆ 46,093 ಆಗ್ತದೆ. ಅಂದ್ರೆ ಆಗಸ್ಟ್‌ನಿಂದ ಇಳಿದ 4,000ದಲ್ಲಿ 3,900ಕ್ಕೂ ಹೆಚ್ಚು ತೆರಿಗೆಯದು. ಅಂಗಡಿ ತನ್ನ ಕೈಯಿಂದ ಬಿಟ್ಟದ್ದು 94 ರೂಪಾಯಿ. 49,000 ಅಂತ ಮಿನುಗುತ್ತಿದ್ದದ್ದು ಕಣ್ಣ ಮುಂದೆಯೇ 94ಕ್ಕೆ ಬಂತು. "ಹಾಂಗಿದ್ರೂ ನಾಲ್ಕು ಸಾವಿರ ಕಡಿಮಿ ಅಲ್ರಿ" ಅಂದ. ಹೌದು, ನಾಲ್ಕು ಸಾವಿರ ನಾಲ್ಕು ಸಾವಿರವೇ. ತೆರಿಗೆ ಇಳಿಕೆ ಮಧ್ಯರಾತ್ರಿ 12ಕ್ಕೆ ಮುಗಿಯೋ ಆಫರ್ ಮಾತ್ರ ಅಲ್ಲ.

ಇನ್ನು ಸರಕು. 4ಕೆ ಅಂದ್ರೆ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕಿಗಳು, ಒಟ್ಟು ಸುಮಾರು 83 ಲಕ್ಷ. ಫುಲ್ ಎಚ್‌ಡಿಗಿಂತ ನಾಲ್ಕು ಪಟ್ಟು. ಕೇಳೋಕೆ ಭಾರಿ. ಆದರೆ ಮನುಷ್ಯನ ಕಣ್ಣಿಗೆ ಒಂದು ಮಿತಿಯನ್ನು ಸೃಷ್ಟಿಕರ್ತನೇ ಇಟ್ಟಿದ್ದಾನೆ. 65 ಇಂಚಿನ ಪರದೆಯಿಂದ ಸುಮಾರು ಎಂಟೂವರೆ ಅಡಿಗಿಂತ ಹಿಂದೆ ಕೂತರೆ, ಒಳ್ಳೆಯ ಕಣ್ಣಿದ್ದವನಿಗೂ ಫುಲ್ ಎಚ್‌ಡಿ ಚುಕ್ಕಿಗೂ 4ಕೆ ಚುಕ್ಕಿಗೂ ವ್ಯತ್ಯಾಸ ಸಿಗೋದು ಕಷ್ಟ. ಹವಳಗಾದ ಮನೆಯಲ್ಲಿ ಮಂಚದಿಂದ ಗೋಡೆಗೆ ಎಷ್ಟು ದೂರ ಅಂತ ತಂಗಿಗೆ ಫೋನ್ ಮಾಡಿ ಅಳೆಸಿದ. ಹತ್ತು ಅಡಿ.

ಅಪ್ಪ ಏನು ನೋಡ್ತಾರೆ ಅಂತ ಕೇಳಿದೆ. ಡಿಡಿ ಫ್ರೀ ಡಿಶ್. ಚಂದನದಲ್ಲಿ ಕೃಷಿ ಕಾರ್ಯಕ್ರಮ, ವಾರ್ತೆ. ಫ್ರೀ ಡಿಶ್‌ನ ಹೆಚ್ಚಿನ ಚಾನೆಲ್‌ಗಳು ಹಳೆಯ ಎಸ್‌ಡಿ, ಅಂದ್ರೆ 720 ಗುಣಿಸು 576 ಚುಕ್ಕಿ. ಆ ಚಿತ್ರವನ್ನು 4ಕೆ ಪರದೆಗೆ ಹರಡಿದರೆ ಪ್ರತಿ ಇಪ್ಪತ್ತು ಚುಕ್ಕಿಯಲ್ಲಿ ನಿಜವಾಗಿ ಬಂದದ್ದು ಒಂದು, ಉಳಿದ ಹತ್ತೊಂಬತ್ತನ್ನು ಟಿವಿ ತಾನೇ ಊಹಿಸಿ ತುಂಬಬೇಕು. ಪರದೆ ದೊಡ್ಡದಾದಷ್ಟೂ ಅಪ್ಪನ ವಾರ್ತೆ ಮಸುಕಾಗಿ ಕಾಣುತ್ತದೆ. 4ಕೆ ಸಿನಿಮಾ ಬೇಕಂದ್ರೆ ದುಬಾರಿ ಪ್ಲಾನ್, ಗಂಟೆಗೆ ಏಳು ಜಿಬಿ ತನಕ ಡೇಟಾ. ಹೊಲದಿಂದ ಬಂದು ಎಂಟು ಗಂಟೆಗೆ ಮಲಗುವ ಮನುಷ್ಯನಿಗೆ ಇದೆಲ್ಲ ಯಾಕೆ? ಆದರೂ ಒಂದು ಮಾತು ಟಿವಿಯ ಪರವಾಗಿ: ಹತ್ತು ಅಡಿ ದೂರದಿಂದ ವಯಸ್ಸಾದವರಿಗೆ ದೊಡ್ಡ ಪರದೆಯ ದೊಡ್ಡ ಅಕ್ಷರ ಅನುಕೂಲವೇ. ಗಾತ್ರಕ್ಕೆ ಅರ್ಥ ಇದೆ, ಚುಕ್ಕಿ ಲೆಕ್ಕಕ್ಕೆ ಆ ಮನೆಯಲ್ಲಿ ಅರ್ಥ ಇಲ್ಲ. ಇಷ್ಟು ಗಾತ್ರದ ಪರದೆ ದಿನಕ್ಕೆ ಐದು ಗಂಟೆ ಓಡಿದರೆ ತಿಂಗಳಿಗೆ 20 ಯುನಿಟ್ ಸುತ್ತ ಕರೆಂಟ್ ತಿನ್ನುತ್ತದೆ, ಗೃಹಜ್ಯೋತಿಯ ಮಿತಿ ದಾಟಿದರೆ ಬಿಲ್ ಬರುವುದು ಅಪ್ಪನ ಹೆಸರಿಗೆ.

ಸರಿ, 45,999ಕ್ಕೇ ಮತ್ತೆ ಬರೋಣ. ರೂಪಾಯಿಯಲ್ಲಿ ಅದು ಒಂದು ಸಂಖ್ಯೆ. ಹವಳಗಾದಲ್ಲಿ ಅದನ್ನು ಕಬ್ಬಿನಲ್ಲಿ ಅಳೀಬೇಕು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಇಟ್ಟ ಎಫ್‌ಆರ್‌ಪಿ, 10.25 ಶೇಕಡಾ ಇಳುವರಿಗೆ, ಕ್ವಿಂಟಲಿಗೆ 355 ರೂಪಾಯಿ. ಟನ್ನಿಗೆ 3,550. ಹಾಗಾದರೆ ಆ ಟಿವಿ ಅಂದ್ರೆ ಸುಮಾರು 13 ಟನ್ ಕಬ್ಬು, ಅದೂ ಕಟಾವು ಮತ್ತು ಸಾಗಾಣಿಕೆ ಕೂಲಿ ಮುರಿಯುವ ಮುಂಚೆ. ಎಕರೆಗೆ 40 ಟನ್ ಬಂತು ಅಂದುಕೊಂಡರೂ ಒಂದು ಎಕರೆಯ ಮೂರರಲ್ಲಿ ಒಂದು ಪಾಲು. ವರ್ಷ ನೀರು ಹಾಯಿಸಿ, ಗ್ಯಾಂಗಿನವರಿಗೆ ಕಾದು, ಟ್ರ್ಯಾಕ್ಟರ್ ಸರದಿಯಲ್ಲಿ ರಾತ್ರಿ ಕಳೆದು, ಆಮೇಲೆ ಬಿಲ್ಲಿಗೆ ಕಾದು ಬರುವ ಹಣ ಅದು. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳ್ತದೆ. ಆ 14ನೇ ದಿನವನ್ನು ಬೆರಳಲ್ಲಿ ಎಣಿಸೋ ಮನೆಗಳಲ್ಲಿ ಬೆಳೆದವರು ಇಲ್ಲಿ ಎಷ್ಟು ಮಂದಿ ಇದ್ದೀರಿ, ನನಗೆ ಗೊತ್ತು.

ಹಣ ಅಪ್ಪನದಲ್ಲ, ನನ್ನ ಸಂಬಳದ್ದು ಅಂತ ಅವನು ಹೇಳಿದ. ನೋ ಕಾಸ್ಟ್ ಇಎಂಐ, ಒಂಬತ್ತು ತಿಂಗಳು, ತಿಂಗಳಿಗೆ 5,111. ಇಲ್ಲಿ ನಿಮ್ಮೆಲ್ಲರಿಗೂ ಒಂದು ವಿಷಯ. ಸೊನ್ನೆ ಬಡ್ಡಿ ಅನ್ನೋ ಪರಿಕಲ್ಪನೆಯೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲಿಯೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಬಡ್ಡಿ ಎಲ್ಲಿಯೋ ಒಂದು ಕಡೆ ಕೂತಿರುತ್ತದೆ, ಪ್ರೊಸೆಸಿಂಗ್ ಫೀಯಲ್ಲೋ, ನಗದಿಗೆ ಸಿಗುತ್ತಿದ್ದ ಕಡಿತದಲ್ಲೋ. ಕ್ರೆಡಿಟ್ ಕಾರ್ಡಿನ ಇಎಂಐ ಆದರೆ ಆ ಬಡ್ಡಿಯ ಮೇಲೆ ಜಿಎಸ್‌ಟಿಯೂ ಬೀಳುತ್ತದೆ. ಸಾಲ ತಗೊಂಡವನು ಕೊಟ್ಟವನಿಗೆ ದಾಸ ಅನ್ನುವ ಅರ್ಥದ ಮಾತು ಜ್ಞಾನೋಕ್ತಿ 22:7ರಲ್ಲಿದೆ. ಒಂಬತ್ತು ತಿಂಗಳ ದಾಸತ್ವ ಸಣ್ಣದು ಅಂತೀರಿ. ಆ ಒಂಬತ್ತು ತಿಂಗಳಲ್ಲಿ ಮನೆಯಿಂದ ಒಂದು ಫೋನ್ ಬಂದರೆ ಏನು ಹೇಳ್ತೀರಿ ಅನ್ನೋದೇ ಅದರ ತೂಕ.

ಆ ಫೋನ್ ಬರಲಿಲ್ಲ, ಅದೇ ಇಲ್ಲಿ ಕಷ್ಟದ ಸಂಗತಿ. ಸೇಲ್ ನಡೆದ ಅದೇ ವಾರ ಭೀಮಾ ತುಂಬಿ ಹರಿದು ಅಫಜಲಪುರ, ಜೇವರ್ಗಿ ಕಡೆ ನದೀ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತ್ತು. ಅದಕ್ಕೂ ಮೊದಲೇ ಮಳೆ ಹೆಚ್ಚಾಗಿ ಎಷ್ಟೋ ಹೊಲಗಳಲ್ಲಿ ತೊಗರಿ ಹಳದಿ ತಿರುಗಿತ್ತು. ಇವನು ದಿನಾ ಅವ್ವನ ಜೊತೆ ಮಾತಾಡ್ತಿದ್ದ. ಊಟ ಆಯ್ತಾ, ಆಯ್ತು. ಹೊಲ ಹ್ಯಾಂಗದ, ಅದ. ಇಷ್ಟೇ. "ಅಪ್ಪನ್ನ ಕೇಳಿದಿಯಾ?" ಅಂದೆ. "ಸರ್‌ಪ್ರೈಸ್ ಕೊಡಬೇಕಂತ ಮಾಡೀನ್ರಿ" ಅಂದ. ಕೊಡುವ ಆಸೆಯಲ್ಲಿ ಕಪಟ ಇರಲಿಲ್ಲ, ಒಳ್ಳೆಯ ಹುಡುಗ. ಆದರೆ ಸರ್‌ಪ್ರೈಸ್‌ನಲ್ಲಿ ಒಂದು ಕುತ್ತು ಇದೆ. ತಗೊಳ್ಳುವವರನ್ನು ಕೇಳಬೇಕಾಗಿಲ್ಲ ಅನ್ನೋದೇ ಅದರ ನಿಯಮ. ಹಾಗೆ ಕೇಳದೇ ಕೊಟ್ಟಾಗ ಕೊಡುವವನ ಇಷ್ಟವೇ ತಗೊಳ್ಳುವವರ ಅವಶ್ಯಕತೆ ಅಂತ ಹೆಸರು ಪಡೆಯುತ್ತದೆ.

ಲೂಕ 14ರಲ್ಲಿ ಬುರುಜು ಕಟ್ಟುವವನ ಮಾತನ್ನು ಕರ್ತನು ಹೇಳುವಾಗ, ಆ ಮನುಷ್ಯ ಮೊದಲು ಕೂತುಕೊಳ್ಳುತ್ತಾನೆ, ಆಮೇಲೆ ಲೆಕ್ಕ ಹಾಕುತ್ತಾನೆ. ಅಲ್ಲಿ ವಿಷಯ ಶಿಷ್ಯತ್ವ, ಟಿವಿ ಅಲ್ಲ, ಗೊತ್ತು. ಆದರೂ ಆ ಕೂತುಕೊಳ್ಳೋದು ನನಗೆ ಬಹಳ ಇಷ್ಟ. ಸೇಲ್ ಮಾಡುವವರು ಬಿಡದೇ ಇರುವುದು ಅದೊಂದನ್ನೇ. ಎಣಿಕೆ ಗಡಿಯಾರ ಓಡುತ್ತಿರುತ್ತದೆ, "ಎರಡೇ ಉಳಿದಿವೆ" ಅಂತ ಕೆಂಪು ಅಕ್ಷರ ಬರುತ್ತದೆ.

ಅವನು ರಾತ್ರಿ ಅಪ್ಪನಿಗೆ ಫೋನ್ ಮಾಡಿದ. ಟಿವಿ ಮಾತು ತೆಗೀಲಿಲ್ಲ, ಹಿಂಗಾರಿಗೆ ಏನು ಮಾಡ್ತೀರಿ ಅಂತ ಕೇಳಿದ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಪ್ಪ ಹೇಳಿದರಂತೆ: ತೊಗರಿ ಹೋಯ್ತು, ಕಡಲಿ ಬಿತ್ತಬೇಕು, ಬೀಜ-ಗೊಬ್ಬರಕ್ಕ ಅಂಗಡಿಯವರ ಹತ್ರ ಉದ್ರಿ ಕೇಳೀನಿ, ಇನ್ನಾ ಹೂಂ ಅಂದಿಲ್ಲ. "ಮೊದಲೇ ಯಾಕ ಹೇಳಿಲ್ಲಪ್ಪಾ?" "ನೀ ಸಿಟಿಯಾಗ ಖರ್ಚಿನಾಗ ಇರ್ತಿ." 22,000 ಕಳಿಸಿದ. ಟಿವಿ ತಗೊಳ್ಳಲಿಲ್ಲ. ಆಫರ್ ಆ ರಾತ್ರಿ ಮುಗೀತು, ದೀಪಾವಳಿಗೆ ಮತ್ತೆ ಬಂತು, ಆಗಲೂ ಇವತ್ತು ಮಾತ್ರ ಅಂತಲೇ ಬರೆದಿತ್ತು.

ಈಗ ಇಲ್ಲಿ ಯಾರೋ ಕೇಳಬಹುದು: ನಮ್ಮಪ್ಪನಿಗೆ ಹೊಲ ಇಲ್ಲ, ಸಾಲ ಇಲ್ಲ, ನನ್ನ ಕೈಯಲ್ಲಿ ಹಣ ಇದೆ, ಆಗ? ಆಗ ತಗೊಳ್ರಿ. ನಾನು ಯಾರನ್ನೂ ತಡೆಯೋದಿಲ್ಲ. ಜಗತ್ತಿನಲ್ಲಿ ಯಾವಾಗಲೂ ಯಾರಿಗೋ ಬೀಜ ಬೇಕಾಗಿರುತ್ತದೆ, ಹಾಗಂತ ಯಾರೂ ಏನೂ ಕೊಳ್ಳಬಾರದು ಅಂದರೆ ನಾನು ಹಾಕಿಕೊಂಡ ಈ ಷರ್ಟೂ ತಪ್ಪಾಗುತ್ತದೆ. ನಮ್ಮ ಸಭೆಯ ಒಬ್ಬ ಸಹೋದರಿಯ ಅತ್ತೆ ಪಾರ್ಶ್ವವಾಯು ಆಗಿ ಎರಡು ವರ್ಷದಿಂದ ಹಾಸಿಗೆಯಲ್ಲಿದ್ದಾರೆ. ಆ ಕೋಣೆಗೆ 55 ಇಂಚಿನದು ತಂದರು. ಆರು ತಿಂಗಳು ಚೀಟಿ ಕಟ್ಟಿ, ನಗದು ಕೊಟ್ಟು. ಅತ್ತೆಯನ್ನು ಕೇಳಿದರು, ಕೋಣೆ ಅಳೆದರು, ಆಮೇಲೆ ರೇಟು ನೋಡಿದರು. ರಿಯಾಯಿತಿ ಸಿಕ್ಕಿತೋ ಇಲ್ಲವೋ ಅವರಿಗೆ ನೆನಪೇ ಇಲ್ಲ. ನಾನು ಪ್ರಾರ್ಥನೆಗೆ ಹೋದಾಗ ಆ ತಾಯಿ ಹಾಡು ನೋಡುತ್ತಾ ಒಂದು ಕೈ ಎತ್ತಿದ್ದರು, ಅದು ಅವರ ನಡೆಯುವ ಕೈ.

ಹಾಗೆ ತಗೊಳ್ಳುವವರಿಗೆ ಎರಡು ಮಾತು. ಅಡ್ಡಗೆರೆ ಬೆಲೆಯ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿರಿ, ಉಳಿದ ಬೆಲೆಗೆ ಆ ವಸ್ತು ಬೇಕೋ ಅಂತ ಮನೆಯವರ ಮುಂದೆ ಗಟ್ಟಿಯಾಗಿ ಕೇಳಿಕೊಳ್ರಿ. ತಂದು ಇಳಿಸಿದಾಗ ಡಬ್ಬಿ ತೆಗೆಸಿ, ಪರದೆ ಹಚ್ಚಿಸಿ, ಬಿರುಕು ಇಲ್ಲ ಅಂತ ವಿಡಿಯೋ ಮಾಡಿಕೊಂಡ ಮೇಲೆಯೇ ಸಹಿ ಹಾಕ್ರಿ. ಊರಿಗೆ ಟಂಟಂನಲ್ಲಿ ಒಯ್ಯುವವರು ಡಬ್ಬಿ ಮಲಗಿಸಬ್ಯಾಡ್ರಿ, ನಿಲ್ಲಿಸಿಯೇ ಒಯ್ಯಬೇಕು. ವಾರಂಟಿ ಮುಗಿದ ಮೇಲೆ ಪ್ಯಾನಲ್ ಹೋದರೆ ಹೊಸ ಟಿವಿಯ ಹತ್ತಿರದ ಖರ್ಚು ಬರ್ತದೆ, ಅದನ್ನೂ ಲೆಕ್ಕದಲ್ಲಿ ಹಿಡೀರಿ.

ಹಿಂಗಾರು ಬಿತ್ತನೆ ಮಾಡಿದ ಮನೆಗಳಿಗಾಗಿ ಇವತ್ತು ವಿಶೇಷ ಪ್ರಾರ್ಥನೆ ಇದೆ. ಎಲ್ಲರೂ ಎದ್ದು ನಿಲ್ಲೋಣ.