ಹೋದ ಹಕ್ಕಿಯ ಲೆಕ್ಕ

(ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ ಏರಿ. ಶಿವರಾತ್ರಿ ಕಳೆದಿದೆ, ಯುಗಾದಿ ಬಂದಿಲ್ಲ. ಮೇಷ್ಟ್ರು ತರ್ಕಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ನಂದಿನಿ ಈ ಭಾಗದ ಕೆರೆಗಳಲ್ಲಿ ಹಕ್ಕಿಪಟ್ಟಿ ಬರೆಯುವವಳು.)

ಮೇಷ್ಟ್ರು: ಚಳಿಗಾಲ ಮುಗಿದ ಮೇಲೂ ನೀನು ಕೆರೆ ಸುತ್ತುವುದನ್ನು ಬಿಡುವುದಿಲ್ಲವಲ್ಲ ನಂದಿನಿ, ಅದು ನನಗೆ ಅರ್ಥವಾಗಿಲ್ಲ. ವಲಸೆ ಬಂದ ಹಕ್ಕಿಗಳು ಹೊರಡುತ್ತಿವೆ ಅಂತ ನೀನೇ ಹೇಳುತ್ತೀಯ. ವಸಂತ ಅಂದರೆ ನಮಗೆ ಮಾವು ಚಿಗುರಿ ಕೋಗಿಲೆ ಬರುವ ಕಾಲ. ನೋಡುವುದಾದರೆ ಬಂದದ್ದನ್ನು ನೋಡಬೇಕು. ಹೋಗುತ್ತಿರುವುದನ್ನು ಹುಡುಕಿಕೊಂಡು ಬೆಳಗಿನ ನಿದ್ದೆ ಯಾಕೆ ಕೆಡಿಸಿಕೊಳ್ಳುವುದು?

ನಂದಿನಿ: ಕೋಗಿಲೆ ಎಲ್ಲಿಂದಲೂ ಬಂದದ್ದಲ್ಲ ಮೇಷ್ಟ್ರೇ, ಇಲ್ಲೇ ಇತ್ತು. ಜಯನಗರದ ಮರಗಳಲ್ಲಿ ಅದು ವರ್ಷವಿಡೀ ಇರುವ ಹಕ್ಕಿ. ಚಳಿಗಾಲದಲ್ಲಿ ಹೆಚ್ಚುಕಡಿಮೆ ಸದ್ದಿಲ್ಲದೆ ಹಣ್ಣು ತಿನ್ನುತ್ತ ಎಲೆಯ ಮರೆಯಲ್ಲಿರುತ್ತದೆ. ಮೊಟ್ಟೆಯಿಡುವ ಕಾಲ ಹತ್ತಿರವಾದಾಗ ಗಂಡು ಕೂಗತೊಡಗುತ್ತದೆ, ನಾವು ಕೋಗಿಲೆ ಬಂತು ಎನ್ನುತ್ತೇವೆ. ಅದೇ ಹೊತ್ತಿಗೆ ನಿಜವಾಗಿ ಊರು ಬಿಡುವ ಹಕ್ಕಿಯನ್ನು ಯಾರೂ ಗಮನಿಸುವುದಿಲ್ಲ. ಬೂದು ಸಿಪಿಲೆಯನ್ನೇ ತೆಗೆದುಕೊಳ್ಳಿ. ಹಿಮಾಲಯದಲ್ಲೂ ಅದರಾಚೆಯ ನಾಡುಗಳಲ್ಲೂ ಮರಿ ಮಾಡುವ ಹಕ್ಕಿ ಅದು. ಸೆಪ್ಟೆಂಬರ್ ಹೊತ್ತಿಗೆ ನಮ್ಮ ಕಡೆ ಇಳಿದು, ನೀರಿನಂಚಿನ ಕಲ್ಲಿನಿಂದ ಕಲ್ಲಿಗೆ ಓಡುತ್ತ, ಉದ್ದನೆಯ ಬಾಲವನ್ನು ಎಡೆಬಿಡದೆ ಮೇಲೆ ಕೆಳಗೆ ಆಡಿಸುತ್ತ ಆರೇಳು ತಿಂಗಳು ಕಳೆಯುತ್ತದೆ. ಬೆನ್ನು ಬೂದು, ಬಾಲದ ಬುಡದಡಿ ಹಳದಿ. ಮಾರ್ಚ್‌ನಲ್ಲಿ ಗಂಡಿನ ಬಿಳಿ ಗಂಟಲಿನಲ್ಲಿ ಕಪ್ಪು ಚುಕ್ಕೆಗಳು ಮೂಡಿ, ಒಂದಕ್ಕೊಂದು ಕೂಡಿ ಗಂಟಲೇ ಕಪ್ಪಾಗತೊಡಗುತ್ತದೆ. ಮದುವೆಯ ವೇಷ ತೊಟ್ಟುಕೊಂಡು ಅದು ಹೊರಟುಹೋಗುತ್ತದೆ. ಬಿಳಿಹುಬ್ಬಿನ ಬಾತಿನದೂ ಇದೇ ಕಥೆ. ಚಳಿಗಾಲದ ಬಹುಪಾಲು ಹೆಣ್ಣಿನಂತೆಯೇ ಕಂದಾಗಿರುವ ಗಂಡಿಗೆ ಆ ಬಿಳಿ ಹುಬ್ಬು ಎದ್ದು ಕಾಣುವುದೇ ಹೊರಡುವ ದಿನಗಳಲ್ಲಿ. ಬೆಂಗಳೂರಿನ ಕೆರೆಗಳಿಗೆ ವಸಂತ ಬಹುಮಟ್ಟಿಗೆ ಬೀಳ್ಕೊಡುಗೆಯ ಕಾಲ. ಬಂದ ಹಕ್ಕಿಯನ್ನು ಒಂದೇ ನೋಟದಲ್ಲಿ ಗುರುತಿಸಬಹುದು. ಹೋದದ್ದನ್ನು ಯಾವ ಒಂದು ನೋಟವೂ ಹಿಡಿಯಲಾರದು. ಮಾರ್ಚ್ ಮೂರನೇ ವಾರ ಕಂಡ ಸಿಪಿಲೆ ಈ ವರ್ಷದ ಕೊನೆಯ ಸಿಪಿಲೆ ಎಂದು ಆ ದಿನ ಯಾರಿಗೂ ಗೊತ್ತಿರುವುದಿಲ್ಲ. ಮುಂದಿನ ವಾರ, ಅದರ ಮುಂದಿನ ವಾರ ಬಂದು ನೋಡಿ ಕಾಣದಾಗಲಷ್ಟೇ ಗೊತ್ತಾಗುತ್ತದೆ. ಆದ್ದರಿಂದಲೇ, ನೋಡಲು ಏನೂ ಉಳಿದಿಲ್ಲ ಎನಿಸುವ ಈ ವಾರಗಳಲ್ಲಿ ಕೆರೆಗೆ ಬರುವುದು ಜನವರಿಯಲ್ಲಿ ಬರುವುದಕ್ಕಿಂತ ಹೆಚ್ಚು ಮುಖ್ಯ ಎನ್ನುತ್ತೇನೆ.

ಮೇಷ್ಟ್ರು: ಇಲ್ಲಿ ನೀನು ಹಳೆಯ ವಾದವೊಂದರ ನಡುವೆ ಬಂದು ನಿಂತಿದ್ದೀಯ. ನೆಲದ ಮೇಲೆ ಗಡಿಗೆ ಇಲ್ಲ ಎಂಬುದು ನಮಗೆ ಹೇಗೆ ತಿಳಿಯುತ್ತದೆ? ಕುಮಾರಿಲ ಭಟ್ಟನ ಪಂಥದವರೂ ಅದ್ವೈತಿಗಳೂ ಅದಕ್ಕೆ ಅನುಪಲಬ್ಧಿ, ಅಂದರೆ ಕಾಣದಿರುವಿಕೆ, ಎಂಬ ಬೇರೊಂದು ಪ್ರಮಾಣವೇ ಬೇಕು ಎಂದರು. ನೈಯಾಯಿಕರು ಪ್ರತ್ಯಕ್ಷವೇ ಸಾಕು ಎಂದರು. ಪ್ರಾಭಾಕರರು ಅಭಾವವೆಂಬ ಬೇರೆ ಪದಾರ್ಥವನ್ನೇ ಒಪ್ಪಲಿಲ್ಲ. ಜಗಳ ಏನೇ ಇರಲಿ, ಅಭಾವವನ್ನು ಒಪ್ಪಿದವರೆಲ್ಲ ಒಂದು ಷರತ್ತು ಹಾಕಿದರು. ವಸ್ತು ಅಲ್ಲಿ ಇದ್ದಿದ್ದರೆ ಕಾಣಲೇಬೇಕಿತ್ತು ಎಂಬ ಯೋಗ್ಯತೆ ಇರಬೇಕು. ಕತ್ತಲೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆನ್ನಲು ಬರುವುದಿಲ್ಲ. ನಿನ್ನ ಕೋಗಿಲೆಯೇ ನಿನಗೆ ಎದುರು ಸಾಕ್ಷಿ. ಇದ್ದೂ ಕಾಣಲಿಲ್ಲ, ಜನ ಇಲ್ಲವೆಂದರು. ಈ ಕೆರೆಯ ಜೊಂಡು ನೋಡು, ಕೋಳಿಯಷ್ಟು ದೊಡ್ಡ ನೇರಳೆ ಜಂಬುಕೋಳಿ ಒಳಗೆ ಹೊಕ್ಕರೆ ಸುಳಿವೇ ಇರುವುದಿಲ್ಲ. ಹೀಗಿರುವಾಗ ನೀನು ಕಾಣದೆ ಹೋದದ್ದಕ್ಕೆ ಎಷ್ಟು ಬೆಲೆ?

ನಂದಿನಿ: ಆ ಷರತ್ತನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದನ್ನು ಪೂರೈಸಲೆಂದೇ ಪಟ್ಟಿ ಬರೆಯುವ ಶಿಸ್ತು ಹುಟ್ಟಿದ್ದು. ಅಪರೂಪದ ಹಕ್ಕಿ ಕಂಡಾಗ ಮಾತ್ರ ಫೋಟೊ ತೆಗೆದು ಹಾಕುವವರ ದಾಖಲೆಯಿಂದ ಯಾವ ಹಕ್ಕಿಯ ಗೈರುಹಾಜರಿಯನ್ನೂ ಊಹಿಸಲಾಗದು. ಅವರು ಕಾಗೆ ಬರೆದಿಲ್ಲವೆಂದರೆ ಕಾಗೆ ಇರಲಿಲ್ಲವೆಂದಲ್ಲ. ಹಕ್ಕಿವೀಕ್ಷಕರು ಪಟ್ಟಿ ಸೇರಿಸುವ ಇಬರ್ಡ್ ಜಾಲತಾಣದಲ್ಲಿ ಸಂಪೂರ್ಣ ಪಟ್ಟಿ ಎಂಬ ಪದ್ಧತಿಯಿದೆ. ಎಷ್ಟು ಹೊತ್ತು ನೋಡಿದೆ, ಎಷ್ಟು ದೂರ ನಡೆದೆ ಎಂದು ಬರೆದು, ಗುರುತಿಸಿದ ಜಾತಿಗಳಲ್ಲಿ ಒಂದನ್ನೂ ಬಿಡದೆ ಸೇರಿಸಬೇಕು. ಆಗ ಪಟ್ಟಿಯಲ್ಲಿ ಇಲ್ಲದ ಹೆಸರೂ ಮಾತಾಡುತ್ತದೆ. ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ಎಂಬ 2023ರ ವರದಿ ಸುಮಾರು 30,000 ಹಕ್ಕಿವೀಕ್ಷಕರ ಮೂರು ಕೋಟಿ ದಾಖಲೆಗಳ ಮೇಲೆ ನಿಂತಿದೆ. ನೂರು ಪಟ್ಟಿಗಳಲ್ಲಿ ಎಷ್ಟರಲ್ಲಿ ಒಂದು ಹಕ್ಕಿ ಕಂಡಿದೆ ಎಂಬುದೇ ಅದರ ಅಳತೆ. ಅಂದರೆ ಹಕ್ಕಿ ಕಾಣದ ಪಟ್ಟಿಯೂ ಆ ಲೆಕ್ಕದೊಳಗಿದೆ. ದೀರ್ಘಾವಧಿಯ ಏರಿಳಿತ ಹೇಳುವಷ್ಟು ಮಾಹಿತಿ ಸಿಕ್ಕ 338 ಜಾತಿಗಳಲ್ಲಿ 204 ಇಳಿಮುಖವಾಗಿವೆ ಎಂದು ಆ ವರದಿ ಹೇಳಿತು. ಕಾಣದ ದಿನಗಳನ್ನು ಬರೆಯದೆ ಹೋಗಿದ್ದರೆ ಈ ಮಾತು ಹೇಳಲು ಆಧಾರವೇ ಇರುತ್ತಿರಲಿಲ್ಲ. ಇನ್ನು ಯೋಗ್ಯತೆ ಎಲ್ಲ ಹಕ್ಕಿಗೂ ಒಂದೇ ಅಲ್ಲ. ಸಿಪಿಲೆ ಬಯಲಲ್ಲಿ ಬಾಲ ಕುಣಿಸುವ ಹಕ್ಕಿ, ಎರಡು ಮೂರು ವಾರ ಕಾಣದಿದ್ದರೆ ಹೋಯಿತು ಎನ್ನಲು ಧೈರ್ಯ ಬರುತ್ತದೆ. ಜೊಂಡಿನ ಹಕ್ಕಿಗಳ ವಿಷಯದಲ್ಲಿ ಅಷ್ಟು ಬೇಗ ಬಾಯಿ ಬಿಡಬಾರದು, ಕಿವಿಗೂ ಕೆಲಸ ಕೊಡಬೇಕು.

ಮೇಷ್ಟ್ರು: ಸರಿ, ಇಲ್ಲಿ ಇಲ್ಲ ಎಂದೇ ಒಪ್ಪೋಣ. ಆದರೆ ಇಲ್ಲಿ ಇಲ್ಲದ್ದು ಎಲ್ಲೂ ಇಲ್ಲವೆಂದಲ್ಲವಲ್ಲ. ಹೋದ ಹಕ್ಕಿ ಮತ್ತೆ ಬರುತ್ತದೆ. ಒಡೆದ ಗಡಿಗೆಯ ಅಭಾವ ಧ್ವಂಸ. ಆಚೆ ತೆಗೆದಿಟ್ಟ ಗಡಿಗೆಯದನ್ನು ಕೆಲವು ನೈಯಾಯಿಕರು ಸಾಮಯಿಕ ಅಭಾವ ಎಂದರು, ಗಡಿಗೆ ಮತ್ತೆ ತಂದಿಟ್ಟರೆ ಅದು ಮುಗಿಯಿತು. ವಲಸೆ ಹಕ್ಕಿಯದು ಈ ಎರಡನೆಯ ಬಗೆ. ಅದಕ್ಕಾಗಿ ಇಷ್ಟೊಂದು ಕಳವಳ ಬೇಕೆ?

ನಂದಿನಿ: ನೀವು ಹೇಳಿದ ಈ ವ್ಯತ್ಯಾಸವೇ ನನ್ನ ವಾದದ ಜೀವ. ಮಡಿವಾಳ ಕೆರೆಯಲ್ಲಿ ಈ ತಿಂಗಳು ಹೆಜ್ಜಾರ್ಲೆ ಕಡಿಮೆಯಾದರೆ ಗಾಬರಿಯಾಗಬೇಕಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಮರಗಳಲ್ಲಿ ಈಗ ಅವುಗಳ ಗೂಡಿನ ಕಾಲ, ಅಲ್ಲಿಗೋ ಇನ್ನೆಲ್ಲಿಗೋ ಹೋಗಿರಬಹುದು. ಆದರೆ ಮಾರ್ಚ್‌ನಲ್ಲಿ ನಿಂತು ನೋಡುವವನಿಗೆ ಸಾಮಯಿಕವೂ ಧ್ವಂಸವೂ ಒಂದೇ ಥರ ಕಾಣುತ್ತವೆ. ಎರಡಕ್ಕೂ ಖಾಲಿ ನೀರೇ ಗುರುತು. ಇದು ಹೋಗಿ ಬರುವ ಹಕ್ಕಿಯೋ, ಇನ್ನು ಬಾರದ ಹಕ್ಕಿಯೋ ಎಂದು ಬೇರ್ಪಡಿಸಬೇಕಾದರೆ ಹೋದ ವಾರ ಗೊತ್ತಿರಬೇಕು, ಮರಳಿದ ವಾರ ಗೊತ್ತಿರಬೇಕು, ಅದೂ ಹಲವು ವರ್ಷಗಳದ್ದು. ಜೋಸೆಫ್ ಜಾರ್ಜ್ ಅವರು ಬೆಂಗಳೂರಿನ ಹಕ್ಕಿಗಳ ಟಿಪ್ಪಣಿಸಹಿತ ಪಟ್ಟಿಯನ್ನು 1994ರಲ್ಲಿ ಹೊರತಂದರು. ಆ ಕಾಲದ ಹಕ್ಕಿವೀಕ್ಷಕರು ಹಾಗೆ ಬರೆದಿಟ್ಟಿದ್ದರಿಂದ ನಾವು ಇಂದು ಹೋಲಿಸಿ ನೋಡಬಹುದು. ಬರೆದಿಡದಿದ್ದರೆ ಕೊರತೆಯೂ ಮರೆತುಹೋಗುತ್ತದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ, ಚೈತ್ರದ ಕರಗಕ್ಕೆ ಪಕ್ಕದ ಸಣ್ಣ ಕೊಳವೊಂದು ಉಳಿದಿದೆ. ಅಲ್ಲಿ ಇಂದು ಬಾತುಗಳಿಲ್ಲ ಎಂದು ಯಾರಿಗೂ ಅನಿಸುವುದಿಲ್ಲ, ಏಕೆಂದರೆ ಅಲ್ಲಿ ಬಾತು ಇರಬೇಕಿತ್ತು ಎಂಬ ನಿರೀಕ್ಷೆಯೇ ಸತ್ತಿದೆ. ನಿಮ್ಮ ಶಾಸ್ತ್ರ ಹೇಳುವ ‘ಇದ್ದಿದ್ದರೆ ಕಾಣುತ್ತಿತ್ತು’ ಎಂಬ ಮಾತನ್ನು ಆಡಬೇಕಾದರೂ, ಇಲ್ಲಿ ಇದು ಇರುವಂಥದ್ದು ಎಂದು ಒಬ್ಬರಾದರೂ ನೆನಪಿಟ್ಟಿರಬೇಕು.

ಮೇಷ್ಟ್ರು: ಕೊನೆಯದೊಂದು ಆಕ್ಷೇಪ, ಇದು ತರ್ಕದ್ದಲ್ಲ. ಯಡಿಯೂರು ಕೆರೆಗೋ ಸಾರಕ್ಕಿ ಕೆರೆಗೋ ಬೆಳಗಿನ ನಡಿಗೆಗೆ ಬರುವವನು ಒಂದು ಮಿಂಚುಳ್ಳಿ ಕಂಡು ಹಿಗ್ಗುತ್ತಾನೆ. ಅವನ ಕೈಗೆ ಲೆಕ್ಕದ ಪುಸ್ತಕ ಕೊಟ್ಟರೆ ಆ ಹಿಗ್ಗು ಉಳಿದೀತೆ? ಹಕ್ಕಿ ನೋಡುವುದು ಗುಮಾಸ್ತಗಿರಿ ಆಗಿಬಿಟ್ಟರೆ ಅದೂ ಒಂದು ನಷ್ಟವೇ.

ನಂದಿನಿ: ಹಿಗ್ಗು ಬೇಡವೆಂದು ನಾನು ಎಂದೂ ಹೇಳುವುದಿಲ್ಲ, ಅದಿಲ್ಲದೆ ಯಾರೂ ಎರಡನೆಯ ದಿನ ಬರುವುದಿಲ್ಲ. ಆದರೆ ಮಿಂಚುಳ್ಳಿ ಕಂಡು ಹಿಗ್ಗುವವನಿಗೂ ನಾಳೆ ಅದು ಕಾಣದಿದ್ದಾಗ ಏನೋ ಕಡಿಮೆಯಾಯಿತು ಅನಿಸುತ್ತದಲ್ಲ, ಆ ಅನಿಸಿಕೆಯನ್ನು ಗೌರವಿಸಿ ಬರೆದಿಡು ಎಂದಷ್ಟೇ ನಾನು ಕೇಳುವುದು. ಕೆರೆಗಳ ಪರ ವಾದಿಸಬೇಕಾದಾಗ ನಮ್ಮ ಕೈಯಲ್ಲಿ ಇರುವುದೂ ಅಷ್ಟೇ. ಸಾರಕ್ಕಿ ಕೆರೆ ಸುಮಾರು 80 ಎಕರೆಯದ್ದು, 2015ರ ಏಪ್ರಿಲ್‌ನಲ್ಲಿ ಒತ್ತುವರಿ ತೆರವಾಯಿತು. ಎಕರೆ ಗುಂಟೆ ಕಂದಾಯದ ದಾಖಲೆಯಲ್ಲಿದ್ದವು, ಆದ್ದರಿಂದ ನೆಲ ಕಡಿಮೆಯಾದದ್ದನ್ನು ತೋರಿಸಲು ಆಯಿತು. ಹಕ್ಕಿಗೆ ಅಂಥ ಪಹಣಿ ಇಲ್ಲ, ಅದನ್ನು ಬರೆಯಬೇಕಾದವರು ನಾವು. ಈ ಪುಟ್ಟೇನಹಳ್ಳಿ ಕೆರೆಯನ್ನೇ ನೋಡಿ. 2010ರಲ್ಲಿ ಅಕ್ಕಪಕ್ಕದ ನಿವಾಸಿಗಳು ಟ್ರಸ್ಟ್ ಕಟ್ಟಿಕೊಂಡು, ಮರುವರ್ಷ ಬಿಬಿಎಂಪಿ ಜೊತೆ ಒಪ್ಪಂದ ಮಾಡಿಕೊಂಡು ನೋಡಿಕೊಳ್ಳತೊಡಗಿದರು. ಇಂಥ ಕೆಲಸ ಫಲಿಸಿತೇ ಎಂದು ಕೇಳುವವರಿಗೆ ಹಕ್ಕಿಗಳ ಪಟ್ಟಿಗಿಂತ ನೇರವಾದ ಉತ್ತರ ನನಗೆ ತೋಚುವುದಿಲ್ಲ.

ಮೇಷ್ಟ್ರು: ಹಾಗಾದರೆ ನನ್ನಂಥವನು ಏನು ಮಾಡಬೇಕು? ನನಗೆ ಹೆಸರೇ ಹತ್ತು ಹದಿನೈದಕ್ಕಿಂತ ಹೆಚ್ಚು ಗೊತ್ತಿಲ್ಲ.

ನಂದಿನಿ: ಹತ್ತು ಸಾಕು ಮೇಷ್ಟ್ರೇ. ನಾಮಕೋಳಿ, ಗುಳುಮುಳುಕ, ನೀರುಕಾಗೆ, ಕೊಳದ ಬಕ, ಸಿಪಿಲೆ, ಇವುಗಳಿಂದಲೇ ಶುರು ಮಾಡಿ. ಫೆಬ್ರವರಿಯ ನಾಲ್ಕು ದಿನದ ಹಕ್ಕಿಎಣಿಕೆ ಮುಗಿಯಿತೆಂದು ಪುಸ್ತಕ ಮುಚ್ಚಬೇಡಿ. ಈ ಕೆರೆ ಇರುವುದು ಸುಮಾರು 13 ಎಕರೆ, ನಿಧಾನಕ್ಕೆ ಸುತ್ತಿದರೂ ಒಂದು ಗಂಟೆ ಬೇಡ. ಯುಗಾದಿ ಕಳೆದು ಏಪ್ರಿಲ್ ಮುಗಿಯುವವರೆಗೆ ವಾರಕ್ಕೊಂದು ಬೆಳಗ್ಗೆ, ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ ಬನ್ನಿ. ಗುರುತಿಸಿದ್ದನ್ನೆಲ್ಲ ಬರೆಯಿರಿ. ಸಿಪಿಲೆ ಕಾಣದ ದಿನವೂ ತಾರೀಖು ಹಾಕಿ ಬರೆಯಿರಿ. ಸೆಪ್ಟೆಂಬರ್‌ನಲ್ಲಿ ಅದೇ ಪುಸ್ತಕ ತೆಗೆದುಕೊಂಡು ಮತ್ತೆ ಬನ್ನಿ.